ಮೊಗಸಾಲೆಯಲ್ಲಿ ದ್ವೀಪದ ಮುಖ

ಒಂದು ಕಾಲಕ್ಕೆ ಕರಿಯರಿಗೆ ಬಾಗಿಲು ಮುಚ್ಚಿದ್ದ ಕೆರಿಬಿಯನ್ ಹೋಟೆಲ್‌ಗಳಲ್ಲಿ ಇಂದು ಅದೇ ಜನರ ಚಿತ್ರ, ಶಿಲ್ಪಗಳಿಗೆ ಜಾಗ ಸಿಕ್ಕಿದೆ. ಆ ಗೋಡೆ ಅವರಿಗೆ ದಕ್ಕಿದ್ದು ಹೇಗೆ? ಅದು ಎಷ್ಟರಮಟ್ಟಿಗೆ ಅವರದು?

1956ರ ಜನವರಿ. ಬಹಾಮಾಸ್ ದ್ವೀಪಗಳ ರಾಜಧಾನಿ ನಸಾವ್‌ನ ಶಾಸನಸಭೆಯಲ್ಲಿ ಎಟಿಯೆನ್ ಡ್ಯೂಪುಚ್ ಎಂಬ ಸದಸ್ಯರು ಎದ್ದು ಒಂದು ನಿರ್ಣಯ ಮಂಡಿಸಿದರು. ‘ಟ್ರಿಬ್ಯೂನ್’ ಪತ್ರಿಕೆಯ ಸಂಪಾದಕರೂ ಆಗಿದ್ದ ಅವರ ಬೇಡಿಕೆ ಇಷ್ಟೇ: ಹೋಟೆಲ್‌ಗಳಂಥ ಸಾರ್ವಜನಿಕ ಜಾಗಗಳಲ್ಲಿ ಮೈಬಣ್ಣ ನೋಡಿ ಜನರನ್ನು ಬಾಗಿಲಲ್ಲೇ ತಡೆಯುವುದು ನಿಲ್ಲಬೇಕು. ಆಗಿನ್ನೂ ಬ್ರಿಟಿಷರ ವಸಾಹತಾಗಿದ್ದ ಆ ನಾಡಿನ ಬಹುಪಾಲು ಜನ ಕರಿಯರು. ಹೋಟೆಲಿನ ಹಾಸಿಗೆ ಹಾಸುವವರು, ಪಾತ್ರೆ ತೊಳೆಯುವವರು, ಪೆಟ್ಟಿಗೆ ಹೊರುವವರು ಅವರೇ. ಆದರೆ ಅದೇ ಹೋಟೆಲಿಗೆ ದುಡ್ಡು ಕೊಟ್ಟು ಅತಿಥಿಯಾಗಿ ಹೋಗುವಂತಿರಲಿಲ್ಲ. ಸಭಾಧ್ಯಕ್ಷರು ಕುಳಿತುಕೊಳ್ಳಿ ಎಂದು ಗದರಿದರೂ ಡ್ಯೂಪುಚ್ ಕುಳಿತುಕೊಳ್ಳಲಿಲ್ಲ. ಸಭೆ ನಿರ್ಣಯವನ್ನು ಒಂದು ಸಮಿತಿಗೆ ಒಪ್ಪಿಸಿ ಕೈತೊಳೆದುಕೊಂಡಿತು. ಅಷ್ಟರಲ್ಲಿ ಸುದ್ದಿ ಊರೆಲ್ಲ ಹಬ್ಬಿತ್ತು. ಪ್ರಮುಖ ಹೋಟೆಲ್‌ಗಳು ತಮ್ಮ ಬಾಗಿಲು ಇನ್ನು ಎಲ್ಲರಿಗೂ ತೆರೆದಿದೆ ಎಂದು ಸಾರಬೇಕಾಯಿತು.

ಹೋಟೆಲಿನ ಹೊಸ್ತಿಲಲ್ಲಿ ಮನುಷ್ಯನನ್ನು ತಡೆದು ನಿಲ್ಲಿಸುವುದು, ಒಳಗೆ ಬಿಟ್ಟರೂ ಲೋಟ ಬೇರೆ ಇಡುವುದು ಎಂದರೇನೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಆ ನೆನಪನ್ನು ಮನಸ್ಸಿನಲ್ಲಿಟ್ಟುಕೊಂಡೇ ಇಂದಿನ ನಸಾವ್‌ಗೆ ಬರಬೇಕು. ಅಲ್ಲಿನ ಕೇಬಲ್ ಬೀಚ್ ಎಂಬ ಕಡಲತೀರದಲ್ಲಿ ಬಾಹಾ ಮಾರ್ ಎಂಬ ಭಾರೀ ವಿಹಾರಧಾಮವಿದೆ. ಸುಮಾರು ಸಾವಿರ ಎಕರೆ, ಮೂರು ಹೋಟೆಲ್‌ಗಳು, 2,300ರಷ್ಟು ಕೋಣೆಗಳು. ಅದರೊಳಗೆ ‘ದಿ ಕರೆಂಟ್’ ಹೆಸರಿನ ಕಲಾ ಗ್ಯಾಲರಿ, ಕಲಾವಿದರು ಬಂದು ಕೆಲಸ ಮಾಡುವ ಸ್ಟುಡಿಯೊ, ಮೊಗಸಾಲೆ, ಹಜಾರ, ಕೋಣೆಗಳಲ್ಲಿ ಬಹಾಮಾಸ್ ಕಲಾವಿದರ ಕೃತಿಗಳು. ಅಜ್ಜ ಮುಂಬಾಗಿಲಿನಿಂದ ಒಳಗೆ ಬರಲಾಗದ ಊರಿನಲ್ಲಿ ಮೊಮ್ಮಗಳ ಚಿತ್ರ ಸ್ವಾಗತಕಟ್ಟೆಯ ಹಿಂದಿನ ಗೋಡೆಗೇರುವ ಕಾಲ ಬಂದಿದೆ. ಇದನ್ನು ಬರೀ ಒಳಾಂಗಣ ಅಲಂಕಾರದ ಸುದ್ದಿಯೆಂದು ಓದಿದರೆ ತಪ್ಪಾಗುತ್ತದೆ.

ಆಯ್ಕೆ ಮಾಡುವ ಕೈ

ಬಾಹಾ ಮಾರ್ ಕಟ್ಟಿದ ಕಥೆ ಸಲೀಸಾದದ್ದಲ್ಲ. ಮೊದಲ ಮಾಲೀಕರು 2015ರಲ್ಲಿ ದಿವಾಳಿ ರಕ್ಷಣೆಗಾಗಿ ನ್ಯಾಯಾಲಯದ ಮೊರೆಹೋದರು. ಕಟ್ಟಡಗಳು ಬಹುಪಾಲು ಮುಗಿದಿದ್ದರೂ ಅತಿಥಿಗಳಿಲ್ಲದೆ ಕಡಲ ದಂಡೆಯಲ್ಲಿ ಖಾಲಿ ನಿಂತವು. ಆಮೇಲೆ ಹಾಂಗ್‌ಕಾಂಗ್‌ನ ಚೌ ತೈ ಫೂಕ್ ಸಂಸ್ಥೆ ಅದನ್ನು ಕೊಂಡು, 2017ರ ಏಪ್ರಿಲ್‌ನಲ್ಲಿ ಬಾಗಿಲು ತೆರೆಯಿತು. ಹಣ ಚೀನಾದ್ದು, ಹೋಟೆಲ್ ಬ್ರ್ಯಾಂಡ್‌ಗಳು ಹೊರಗಿನವು, ಅತಿಥಿಗಳಲ್ಲಿ ಹೆಚ್ಚಿನವರು ಅಮೆರಿಕದವರು. ಹಾಗಾದರೆ ಅಲ್ಲಿ ಬಹಾಮಾಸ್‌ನದು ಎನ್ನುವಂಥದ್ದು ಏನಿರಬೇಕು?

ಆ ಪ್ರಶ್ನೆಗೆ ಉತ್ತರ ಹುಡುಕುವ ಹೊಣೆ ಜಾನ್ ಕಾಕ್ಸ್ ಅವರ ಪಾಲಿಗೆ ಬಂತು. ಅವರು ಬಹಾಮಾಸ್‌ನವರೇ ಆದ ಕಲಾವಿದ. 1999ರಲ್ಲಿ ನಸಾವ್‌ನಲ್ಲಿ ಪೊಪಾಪ್ ಸ್ಟುಡಿಯೋಸ್ ಎಂಬ ಕಲಾವಿದರ ತಾಣವನ್ನು ಹುಟ್ಟುಹಾಕಿದವರು, ರಾಷ್ಟ್ರೀಯ ಕಲಾ ಗ್ಯಾಲರಿಯಲ್ಲಿ ಮುಖ್ಯ ಕ್ಯುರೇಟರ್ ಆಗಿದ್ದವರು. ಸಾಮಾನ್ಯವಾಗಿ ದೊಡ್ಡ ಹೋಟೆಲ್‌ಗಳಿಗೆ ಚಿತ್ರ ಒದಗಿಸುವುದೇ ಒಂದು ಬೇರೆ ವ್ಯಾಪಾರ. ಎಲ್ಲೋ ದೂರದ ಕಚೇರಿಯಲ್ಲಿ ಕುಳಿತ ಸಲಹೆಗಾರರು ಪರದೆಯ ಬಣ್ಣ, ಸೋಫಾದ ಬಣ್ಣಕ್ಕೆ ಹೊಂದುವಂತೆ ನೂರಾರು ಮುದ್ರಿತ ಪ್ರತಿಗಳನ್ನು ಆರಿಸಿ ಕಳಿಸುತ್ತಾರೆ. ಒಂದೇ ಶಂಖದ ಚಿತ್ರ ಇನ್ನೂರು ಕೋಣೆಗಳಲ್ಲಿ ತೂಗುತ್ತದೆ. ಇಲ್ಲಿ ಆ ಆಯ್ಕೆ ಊರಿನ ಕಲಾವಿದರನ್ನೆಲ್ಲ ಬಲ್ಲ ಒಬ್ಬ ಸ್ಥಳೀಯರ ಕೈಗೆ ಬಂತು. ಮುಂದೆ ಫ್ಯೂಜ್ ಎಂಬ ಕೆರಿಬಿಯನ್ ಕಲಾಮೇಳವೂ ಅದೇ ಅಂಗಳದಲ್ಲಿ ಶುರುವಾಯಿತು.

ಈ ಬದಲಾವಣೆಯ ತೂಕ ತಿಳಿಯಬೇಕಾದರೆ ಇನ್ನೊಂದು ಲೆಕ್ಕ ನೋಡಬೇಕು. ಬಹಾಮಾಸ್ ಸ್ವತಂತ್ರವಾದದ್ದು 1973ರ ಜುಲೈ 10ರಂದು. ಅದರ ರಾಷ್ಟ್ರೀಯ ಕಲಾ ಗ್ಯಾಲರಿ, ವಿಲ್ಲಾ ಡಾಯ್ಲ್ ಎಂಬ ಹಳೆಯ ಬಂಗಲೆಯಲ್ಲಿ ತೆರೆದದ್ದು 2003ರಲ್ಲಿ. ನಡುವಿನ ಮೂವತ್ತು ವರ್ಷ ಅಲ್ಲಿನ ಕಲಾವಿದರು ತಮ್ಮ ಕೆಲಸ ತೋರಿಸಿದ್ದು ಬ್ಯಾಂಕ್‌ಗಳ ಹಜಾರದಲ್ಲಿ, ಖಾಸಗಿ ಮನೆಗಳಲ್ಲಿ, ಹೋಟೆಲ್‌ಗಳ ಮೂಲೆಯಲ್ಲಿ. ಸುಮಾರು ನಾಲ್ಕು ಲಕ್ಷ ಜನರಿರುವ ಈ ದೇಶಕ್ಕೆ 2024ರಲ್ಲಿ ಬಂದ ಪ್ರವಾಸಿಗರು 1 ಕೋಟಿ 10 ಲಕ್ಷಕ್ಕೂ ಹೆಚ್ಚು. ಇಂಥ ಕಡೆ ಹೋಟೆಲಿನ ಗೋಡೆಯೇ ದೇಶದ ಅತಿ ದೊಡ್ಡ ಪ್ರದರ್ಶನಾಲಯ. ಕಲಾವಿದರು ಬಯಸಲಿ, ಬಿಡಲಿ, ಹೊರಜಗತ್ತು ಅವರ ನಾಡನ್ನು ನೋಡುವುದು ಆ ಗೋಡೆಯ ಮೂಲಕ.

ತಾಳೆಮರ ನೆಟ್ಟವರು ಯಾರು?

ಆ ಗೋಡೆಯ ಮೇಲೆ ನೂರು ವರ್ಷ ತೂಗುತ್ತಿದ್ದ ಚಿತ್ರ ಬೇರೆಯೇ ಇತ್ತು. ನಸಾವ್‌ನಲ್ಲಿ ರಾಯಲ್ ವಿಕ್ಟೋರಿಯಾ ಹೋಟೆಲ್ 1861ರಲ್ಲಿ ತೆರೆಯಿತು. 1900ರಲ್ಲಿ ಅಮೆರಿಕದ ರೈಲ್ವೆ ಉದ್ಯಮಿ ಹೆನ್ರಿ ಫ್ಲ್ಯಾಗ್ಲರ್ ಕೊಲೋನಿಯಲ್ ಹೋಟೆಲ್ ಕಟ್ಟಿಸಿದರು. ಚಳಿಗಾಲ ಕಳೆಯಲು ಬರುವ ಉತ್ತರದ ಸಿರಿವಂತರನ್ನು ಸೆಳೆಯಲು ಚಿತ್ರಗಳು ಬೇಕಾದವು. ಜೇಕಬ್ ಫ್ರ್ಯಾಂಕ್ ಕೂನ್ಲಿಯಂಥ ಛಾಯಾಗ್ರಾಹಕರು ಅಮೆರಿಕದಿಂದ ಬಂದು ನೆಲೆಸಿ ದ್ವೀಪವನ್ನು ಸೆರೆಹಿಡಿದರು: ಸಾಲು ತಾಳೆಮರ, ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸು, ನಿಶ್ಚಲ ನೀರು, ಚೊಕ್ಕಟ ಬೀದಿ.

ಬಹಾಮಾಸ್ ಮೂಲದ ಕಲಾ ಇತಿಹಾಸಕಾರ್ತಿ ಕ್ರಿಸ್ಟಾ ಥಾಂಪ್ಸನ್ 2006ರಲ್ಲಿ ‘ಆ್ಯನ್ ಐ ಫಾರ್ ದಿ ಟ್ರಾಪಿಕ್ಸ್’ ಎಂಬ ಗ್ರಂಥ ಬರೆದರು. ಬಹಾಮಾಸ್ ಮತ್ತು ಜಮೈಕಾದ ಇಂಥ ಚಿತ್ರಗಳನ್ನು ಒಂದೊಂದಾಗಿ ಮುಂದಿಟ್ಟು ಅವರು ತೋರಿಸುವ ಸಂಗತಿ ಬೆರಗು ಹುಟ್ಟಿಸುತ್ತದೆ. ದ್ವೀಪ ಇದ್ದ ಹಾಗೆ ಚಿತ್ರ ಬರಲಿಲ್ಲ. ಚಿತ್ರ ಇದ್ದ ಹಾಗೆ ದ್ವೀಪವನ್ನು ತಿದ್ದಲಾಯಿತು. ಪೋಸ್ಟ್‌ಕಾರ್ಡ್‌ನಲ್ಲಿ ಕಂಡದ್ದು ಬಂದವರ ಕಣ್ಣಿಗೂ ಕಾಣಬೇಕೆಂದು ಮರಗಳನ್ನು ನೆಟ್ಟು, ಬೀದಿಗಳನ್ನು ಒಪ್ಪ ಮಾಡಲಾಯಿತು. ಜನ ಆ ನೋಟದ ಭಾಗವಾಗಿ ಮಾತ್ರ ಉಳಿದರು. ಅವರ ಸಿಟ್ಟು, ಸಾಲ, ಪ್ರಾರ್ಥನೆ, ಮುಷ್ಕರ ಯಾವುದಕ್ಕೂ ಆ ಚೌಕಟ್ಟಿನಲ್ಲಿ ಎಡೆ ಇರಲಿಲ್ಲ. 1958ರ ಜನವರಿಯಲ್ಲಿ ನಸಾವ್‌ನ ಟ್ಯಾಕ್ಸಿ ಚಾಲಕರು ಹೊಸ ವಿಮಾನನಿಲ್ದಾಣದಿಂದ ಹೋಟೆಲ್‌ಗಳಿಗೆ ಪ್ರವಾಸಿಗರನ್ನು ಕರೆದೊಯ್ಯುವ ಹಕ್ಕಿಗಾಗಿ ಹೂಡಿದ ಹೋರಾಟ ಇಡೀ ದೇಶದ ಮುಷ್ಕರವಾಗಿ ಬೆಳೆಯಿತು. ಹೋಟೆಲ್ ಎಂಬುದು ಬಹಾಮಾಸ್ ಜನರ ರಾಜಕೀಯದ ನಟ್ಟನಡುವೆ ಇದ್ದ ಸಂಗತಿ. ಹೋಟೆಲಿನ ಗೋಡೆಯ ಮೇಲೆ ಮಾತ್ರ ಆ ರಾಜಕೀಯದ ನೆರಳೂ ಬೀಳಲಿಲ್ಲ.

ಪ್ರವಾಸಿಗರ ಪೆಟ್ಟಿಗೆಯೂ ಕಲೆಯ ಅಳತೆಯನ್ನು ನಿಗದಿ ಮಾಡಿತು. ವಿಮಾನದಲ್ಲಿ ಒಯ್ಯಲು ಅನುಕೂಲವಾದದ್ದು ಮಾರಾಟವಾಗುತ್ತದೆ. ಮಾರಾಟವಾದದ್ದನ್ನೇ ಇನ್ನೂ ಹತ್ತು ಮಾಡುತ್ತಾರೆ. ಆದರೆ ಆ ಸಂತೆಯಿಂದಲೇ ಮೇಲೆದ್ದು ಬಂದವರೂ ಇದ್ದಾರೆ. ಎಕ್ಸುಮಾ ದ್ವೀಪದಲ್ಲಿ 1920ರಲ್ಲಿ ಹುಟ್ಟಿದ ಏಮಸ್ ಫರ್ಗುಸನ್ ಮನೆಗಳಿಗೆ ಬಣ್ಣ ಬಳಿಯುವ ಕೆಲಸದವರು. ಉಳಿದ ಗೋಡೆಬಣ್ಣದಿಂದ ರಟ್ಟಿನ ಮೇಲೆ ಬೈಬಲ್ಲಿನ ಕಥೆ, ಜಂಕಾನೂ ಹಬ್ಬದ ವೇಷ, ಹಕ್ಕಿ, ಹೂವು ಬರೆಯುತ್ತಿದ್ದರು. ಹೆಂಡತಿ ಬೀ ಅವುಗಳನ್ನು ನಸಾವ್‌ನ ಸ್ಟ್ರಾ ಮಾರ್ಕೆಟ್ಟಿನಲ್ಲಿ, ತಾಳೆಗರಿಯ ಚೀಲ, ಟೋಪಿಗಳ ಜೊತೆ ಪ್ರವಾಸಿಗರಿಗೆ ಮಾರುತ್ತಿದ್ದರು. 1985ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ನಗರದ ವಾಡ್ಸ್‌ವರ್ತ್ ಅಥೀನಿಯಂ ವಸ್ತುಸಂಗ್ರಹಾಲಯ ಅವರ ಚಿತ್ರಗಳ ಪ್ರದರ್ಶನ ಏರ್ಪಡಿಸಿದ ಮೇಲೆ ಅವರು ದೇಶದ ಹೆಮ್ಮೆಯಾದರು. ಮನೆಯಂಗಳದ ಪ್ರತಿಭೆಗೆ ಹೊರಗಿನವರ ಮುದ್ರೆ ಬಿದ್ದ ಮೇಲೆಯೇ ಊರು ತಿರುಗಿ ನೋಡುವ ಕಷ್ಟ ಆ ದ್ವೀಪಗಳದ್ದು.

ಬಾರ್‌ನ ಬಾಗಿಲಿನಿಂದ ಓಲೋಫ್ಸನ್‌ವರೆಗೆ

ಕೆರಿಬಿಯನ್‌ನಲ್ಲಿ ಕಲೆ ಮತ್ತು ತಂಗುದಾಣಗಳ ನಂಟನ್ನು ಹೇಳುವಾಗ ಹೈಟಿಯನ್ನು ಬಿಟ್ಟು ಮುಂದೆ ಹೋಗಲಾಗದು. ಗುಲಾಮರು ದಂಗೆಯೆದ್ದು ಗೆದ್ದು 1804ರಲ್ಲಿ ಕಟ್ಟಿದ ದೇಶ ಅದು. 1940ರ ದಶಕದ ಆರಂಭದಲ್ಲಿ ಅಮೆರಿಕದ ಚಿತ್ರಕಾರ ಡಿವಿಟ್ ಪೀಟರ್ಸ್ ಮೋಂರೂಯಿ ಎಂಬ ಹಳ್ಳಿಯ ದಾರಿಯಲ್ಲಿ ಹೋಗುತ್ತಿದ್ದಾಗ ಒಂದು ಬಾರ್‌ನ ಬಾಗಿಲ ಮೇಲೆ ಬಿಡಿಸಿದ ಹೂವು, ಹಕ್ಕಿಗಳು ಕಣ್ಣಿಗೆ ಬಿದ್ದವು. ಬರೆದವರು ಎಕ್ತೋರ್ ಇಪ್ಪೊಲಿತ್, ವೂಡೂ ಪಂಥದ ಪೂಜಾರಿ. ಕೋಳಿಯ ಗರಿಯನ್ನೂ ಬೆರಳನ್ನೂ ಕುಂಚ ಮಾಡಿಕೊಂಡು, ಮರಕ್ಕೆ ಬಳಿಯುವ ಬಣ್ಣದಿಂದ ದೇವತೆಗಳನ್ನು ಬರೆಯುತ್ತಿದ್ದರು. ಪೀಟರ್ಸ್ 1944ರಲ್ಲಿ ಪೋರ್ತೋ ಪ್ರಿನ್ಸ್ ನಗರದಲ್ಲಿ ಸಾಂತ್ರ್ ದಾರ್ ಎಂಬ ಕಲಾಕೇಂದ್ರ ತೆರೆದಾಗ ಇಪ್ಪೊಲಿತ್ ಅದರ ದೊಡ್ಡ ಹೆಸರಾದರು. ಫ್ರಾನ್ಸಿನ ಕವಿ ಆಂದ್ರೆ ಬ್ರೆತೋಂ, ಕ್ಯೂಬಾದ ಚಿತ್ರಕಾರ ವಿಫ್ರೆದೊ ಲಾಮ್ ಬಂದು ನೋಡಿ ಬೆರಗಾದರು. ದಾರಿಬದಿಯ ಬಾರೊಂದರ ಬಾಗಿಲು ಒಂದು ದೇಶದ ಚಿತ್ರಕಲೆಯನ್ನು ಜಗತ್ತಿಗೆ ತೋರಿಸಿಕೊಟ್ಟಿತು.

ಅದೇ ನಗರದಲ್ಲಿ ಓಲೋಫ್ಸನ್ ಹೋಟೆಲ್ ಇತ್ತು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಧ್ಯಕ್ಷರ ಮನೆತನವಾದ ಸಾಮ್ ಕುಟುಂಬ ಕಟ್ಟಿಸಿದ ಮರದ ಮಹಲು. ಕೆತ್ತನೆಯ ಜಾಲರಿ, ಗೋಪುರ, ಉದ್ದನೆಯ ಜಗುಲಿ, ಸುತ್ತ ದಟ್ಟ ತೋಟ. ಅಮೆರಿಕದ ಸೇನೆ 1915ರಿಂದ 1934ರವರೆಗೆ ಹೈಟಿಯನ್ನು ಹಿಡಿದಿಟ್ಟುಕೊಂಡಿದ್ದಾಗ ಅದು ಸೈನಿಕರ ಆಸ್ಪತ್ರೆಯಾಗಿತ್ತು. ಸೇನೆ ಹೋದ ಮೇಲೆ ಸ್ವೀಡನ್ ಮೂಲದ ಹಡಗಿನ ಕಪ್ತಾನ ಓಲೋಫ್ಸನ್ ಅದನ್ನು ಹೋಟೆಲ್ ಮಾಡಿದರು. ಗ್ರಹಾಂ ಗ್ರೀನ್ 1966ರ ‘ದಿ ಕಮೇಡಿಯನ್ಸ್’ ಕಾದಂಬರಿಯಲ್ಲಿ ಬರೆದ ಟ್ರಿಯನಾನ್ ಹೋಟೆಲಿಗೆ ಇದೇ ಮೂಲ. 1987ರಲ್ಲಿ ಸಂಗೀತಗಾರ ರಿಚರ್ಡ್ ಮೋರ್ಸ್ ಅದನ್ನು ಗೇಣಿಗೆ ಪಡೆದರು. ಅವರ ತಾಯಿ ಹೈಟಿಯ ಗಾಯಕಿ. ಗೋಡೆಗಳ ಮೇಲೆ ಹೈಟಿಯ ಚಿತ್ರಗಳು, ತೋಟದಲ್ಲಿ ಲೋಹದ ಶಿಲ್ಪಗಳು, ಗುರುವಾರದ ರಾತ್ರಿಗಳಲ್ಲಿ ಮೋರ್ಸ್ ಅವರ ‘ರಾಮ್’ ತಂಡದ ವೂಡೂ ತಾಳದ ಹಾಡು. ಪರದೇಶದ ಪತ್ರಕರ್ತರು, ಊರಿನ ಕಲಾವಿದರು, ರಾಜಕಾರಣಿಗಳು, ಬೀದಿಯ ಹುಡುಗರು ಎಲ್ಲ ಒಂದೇ ಜಗುಲಿಯಲ್ಲಿ.

ಓಲೋಫ್ಸನ್ ಮಾಡಿದ ಇನ್ನೊಂದು ದೊಡ್ಡ ಕೆಲಸ ಅದರ ಗೋಡೆಯ ಹೊರಗೆ ನಡೆಯಿತು. ಪೋರ್ತೋ ಪ್ರಿನ್ಸ್‌ನ ಗ್ರ್ಯಾಂಡ್ ರೂ ಎಂಬ ಬೀದಿಯ ಹಿಂದಿನ ಕೇರಿಯಲ್ಲಿ ಹಳೆಯ ಕಾರಿನ ಬಿಡಿಭಾಗ, ಟೈರು, ಮರ, ತಲೆಬುರುಡೆ ಜೋಡಿಸಿ ಶಿಲ್ಪ ಮಾಡುವ ಕಲಾವಿದರ ಗುಂಪಿದೆ. ಆಂದ್ರೆ ಯುಜೀನ್, ಜೀನ್ ಹೆರಾರ್ ಸೆಲ್ಯೂರ್ ಮೊದಲಾದವರ ಆ ಗುಂಪಿಗೆ ಆತಿಸ್ ರೆಜಿಸ್ತಾನ್ಸ್ ಎಂದು ಹೆಸರು. ಅವರ ಕೃತಿಗಳು ಪರದೇಶಗಳ ಗ್ಯಾಲರಿಗೆ ಹೋಗುತ್ತಿದ್ದವು. ವೀಸಾ ಸಿಗದೆ ಅವರು ಮಾತ್ರ ಅಲ್ಲೇ ಉಳಿಯುತ್ತಿದ್ದರು. ನಾವು ಹೋಗಲಾಗದಿದ್ದರೆ ಜಗತ್ತೇ ಇಲ್ಲಿಗೆ ಬರಲಿ ಎಂದು ಬ್ರಿಟನ್ನಿನ ಕಲಾವಿದೆ ಲೀಯಾ ಗಾರ್ಡನ್ ಜೊತೆ ಸೇರಿ ಅವರು 2009ರಲ್ಲಿ ಘೆಟ್ಟೋ ಬಿಯೆನಾಲೆ ಎಂಬ ಕಲಾಮೇಳ ಶುರುಮಾಡಿದರು. ಬಂದ ಪರದೇಶದ ಕಲಾವಿದರು ಓಲೋಫ್ಸನ್‌ನಲ್ಲಿ ತಂಗಿ, ಬೆಳಗ್ಗೆ ಕೇರಿಗೆ ನಡೆದುಹೋಗಿ ಕೆಲಸ ಮಾಡಿದರು. ಕಲೆಯನ್ನು ಕೇರಿಯಿಂದ ಹೋಟೆಲಿಗೆ ತರುವ ಬದಲು ಹೋಟೆಲಿನ ಅತಿಥಿಗಳನ್ನು ಕೇರಿಗೆ ಕಳಿಸಿದ ಪ್ರಯೋಗ ಇದು. 2022ರಲ್ಲಿ ಜರ್ಮನಿಯ ಕಾಸೆಲ್ ನಗರದ ಡಾಕ್ಯುಮೆಂಟಾ ಮಹಾಪ್ರದರ್ಶನಕ್ಕೆ ಇದೇ ಗುಂಪಿಗೆ ಆಹ್ವಾನ ಬಂದು, ಅಲ್ಲಿನ ಒಂದು ಚರ್ಚಿನೊಳಗೆ ಅವರ ಶಿಲ್ಪಗಳು ನಿಂತವು.

2010ರ ಜನವರಿ 12ರ ಭೂಕಂಪದಲ್ಲಿ ಹೈಟಿಯ ಕಾಂಕ್ರೀಟು ಕಟ್ಟಡಗಳು ಕುಸಿದವು, ಸಾಂತ್ರ್ ದಾರ್ ಕುಸಿಯಿತು, ಹೋಲಿ ಟ್ರಿನಿಟಿ ಕೆಥೆಡ್ರಲ್‌ನ ಪ್ರಸಿದ್ಧ ಭಿತ್ತಿಚಿತ್ರಗಳಲ್ಲಿ ಹೆಚ್ಚಿನವು ಮಣ್ಣುಪಾಲಾದವು. ಮರದ ಚೌಕಟ್ಟಿನ ಓಲೋಫ್ಸನ್ ಅಲುಗಿ, ಬಾಗಿ, ನಿಂತುಕೊಂಡಿತು. ಭೂಮಿ ಉಳಿಸಿದ್ದನ್ನು ಮನುಷ್ಯರು ಉಳಿಸಲಿಲ್ಲ. ಸಶಸ್ತ್ರ ತಂಡಗಳು ನಗರವನ್ನು ಕೇರಿ ಕೇರಿಯಾಗಿ ವಶಕ್ಕೆ ಪಡೆಯುತ್ತ ಬಂದು, 2025ರ ಜುಲೈನಲ್ಲಿ ಹೋಟೆಲಿಗೆ ಬೆಂಕಿ ಬಿತ್ತು. ನೂರು ವರ್ಷಕ್ಕೂ ಹಳೆಯ ಮಹಲು ಸುಟ್ಟು ಕರಕಲಾಯಿತು.

ಬೀದಿಗೆ ಮುಖ ಮಾಡಿದ ಹಣ್ಣುಗಳು

ಕ್ಯೂಬಾದ ಹವಾನಾದಲ್ಲಿ ಬೇರೆಯದೇ ಉದಾಹರಣೆಯಿದೆ. 1958ರ ಮಾರ್ಚ್‌ನಲ್ಲಿ ವೆದಾದೊ ಬಡಾವಣೆಯಲ್ಲಿ 25 ಅಂತಸ್ತಿನ ಹವಾನಾ ಹಿಲ್ಟನ್ ತೆರೆಯಿತು. ಅದರ ಮುಖದ ಮೇಲೆ, ಬಾಗಿಲಿನ ನೆತ್ತಿಗೆ ಅಡ್ಡಲಾಗಿ, ಅಮೇಲಿಯಾ ಪೆಲಾಯೆಸ್ ಅವರ ‘ಕ್ಯೂಬಾದ ಹಣ್ಣುಗಳು’ ಎಂಬ ಭಾರೀ ಭಿತ್ತಿಚಿತ್ರವಿದೆ. ಗಾಜಿನ ಪುಟ್ಟ ಬಿಲ್ಲೆಗಳನ್ನು ಕೂರಿಸಿ ಮಾಡಿದ ಕೆಲಸ ಅದು. ಪೆಲಾಯೆಸ್ (1896–1968) ಕ್ಯೂಬಾದ ಆಧುನಿಕ ಚಿತ್ರಕಲೆಯ ಹಿರಿಯರಲ್ಲಿ ಒಬ್ಬರು. ಪ್ಯಾರಿಸ್‌ನಲ್ಲಿ ಕಲಿತು ಬಂದು ಹವಾನಾದ ತಮ್ಮ ಮನೆಯ ತೋಟ, ಬಣ್ಣಗಾಜಿನ ಕಮಾನು, ಕಬ್ಬಿಣದ ಜಾಲರಿ, ಊಟದ ಮೇಜಿನ ಹಣ್ಣುಗಳನ್ನೇ ಜೀವನವಿಡೀ ಬರೆದವರು. ದಪ್ಪ ಕಪ್ಪು ಗೆರೆಗಳ ನಡುವೆ ಬಣ್ಣ ತುಂಬುವ ಅವರ ಕ್ರಮ ಆ ಬಣ್ಣಗಾಜಿನ ಕಿಟಕಿಗಳಿಂದಲೇ ಬಂದದ್ದು. ಹೋಟೆಲಿನ ಒಳಗೆ ರೆನೆ ಪೋರ್ತೊಕರೇರೊ ಮಾಡಿದ ‘ಆ್ಯಂಟಿಲೀಸ್ ದ್ವೀಪಗಳ ಚರಿತ್ರೆ’ ಎಂಬ ಸಿರಾಮಿಕ್ ಭಿತ್ತಿಯಿದೆ.

ಹತ್ತೇ ತಿಂಗಳಲ್ಲಿ ಚರಿತ್ರೆ ಆ ಹೋಟೆಲಿನ ಮೆಟ್ಟಿಲೇರಿತು. 1959ರ ಜನವರಿಯಲ್ಲಿ ಫಿಡೆಲ್ ಕ್ಯಾಸ್ಟ್ರೊ ಹವಾನಾ ಪ್ರವೇಶಿಸಿ, ಹಿಲ್ಟನ್‌ನ 2324ನೇ ಕೋಣೆಯಿಂದ ಕೆಲವು ತಿಂಗಳು ಆಡಳಿತ ನಡೆಸಿದರು. 1960ರಲ್ಲಿ ಹೋಟೆಲ್ ರಾಷ್ಟ್ರೀಕರಣವಾಗಿ ‘ಹಬಾನಾ ಲಿಬ್ರೆ’ ಆಯಿತು. ಮಾಲೀಕರು ಬದಲಾದರು, ಹೆಸರು ಬದಲಾಯಿತು, ಅತಿಥಿಗಳು ಬದಲಾದರು. ಪೆಲಾಯೆಸ್ ಅವರ ಹಣ್ಣುಗಳು ಅಲ್ಲೇ ಉಳಿದವು. ಕಾಲಾಂತರದಲ್ಲಿ ಬಿಲ್ಲೆಗಳು ಉದುರಿ ಚಿತ್ರ ಹಾಳಾದಾಗ 1990ರ ದಶಕದಲ್ಲಿ ಅದನ್ನು ಮತ್ತೆ ಕಟ್ಟಿದರು. ಬಸ್ಸಿಗೆ ಕಾಯುವ ವಿದ್ಯಾರ್ಥಿ, ಐಸ್‌ಕ್ರೀಮಿಗೆ ಸಾಲು ನಿಂತ ಮಗು, ಹೋಟೆಲಿನೊಳಗೆ ಒಂದು ಕಾಫಿ ಕುಡಿಯುವ ಚೈತನ್ಯವೂ ಇಲ್ಲದ ಮುದುಕಿ, ಎಲ್ಲರೂ ಆ ಚಿತ್ರವನ್ನು ಕತ್ತೆತ್ತಿ ನೋಡಬಹುದು. ಅದು ಬೀದಿಗೆ ಮುಖ ಮಾಡಿದೆ. ಹೋಟೆಲ್ ಕಲೆಯ ಚರ್ಚೆಯಲ್ಲಿ ಈ ಒಂದು ಸಂಗತಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ.

ಬೀದಿಗೆ ಕಂಡರೂ ಗೋಡೆ ಎರವಲಿನದೇ ಎಂಬುದಕ್ಕೆ ಟ್ರಿನಿಡಾಡ್ ಸಾಕ್ಷಿ. ಕಾರ್ಲೈಲ್ ಚಾಂಗ್ ಆ ದೇಶದ ಧ್ವಜ, ಲಾಂಛನಗಳನ್ನು ರೂಪಿಸಿದ ಸಮಿತಿಯಲ್ಲಿದ್ದ ಕಲಾವಿದ. ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1960ರ ದಶಕದ ಆರಂಭದಲ್ಲಿ, ಪಿಯಾರ್ಕೊ ವಿಮಾನನಿಲ್ದಾಣದ ಗೋಡೆಯ ಮೇಲೆ ಅವರು ಒಂದು ಮಹಾ ಭಿತ್ತಿಚಿತ್ರ ಬರೆದರು. ಮನುಷ್ಯನ ಹುಟ್ಟುಗುಣವಾದ ಘನತೆಯೇ ಅದರ ವಸ್ತು. ಇಪ್ಪತ್ತು ವರ್ಷ ತುಂಬುವ ಮೊದಲೇ, ನಿಲ್ದಾಣವನ್ನು ವಿಸ್ತರಿಸುವ ಕೆಲಸದಲ್ಲಿ ಗೋಡೆಯ ಜೊತೆ ಚಿತ್ರವನ್ನೂ ಕೆಡವಿಹಾಕಿದರು. ಟ್ರಿನಿಡಾಡ್‌ನ ಕಲಾವಿದರು ಆ ನಷ್ಟವನ್ನು ಇಂದಿಗೂ ಮರೆತಿಲ್ಲ.

ಚೌಕಟ್ಟಿನೊಳಗೆ ಬಾರದ ಚಿನ್ನಪ್ಪ

ತಾಳೆಮರ, ಮರಳು, ಡ್ರಮ್ಮಿನ ಚಿತ್ರದಲ್ಲಿ ಎಂದೂ ಕಾಣಿಸಿಕೊಳ್ಳದ ಇನ್ನೊಂದು ಜನವರ್ಗವಿದೆ. ಅವರು ನಮ್ಮ ಕಡೆಯಿಂದ ಹೋದವರು. ಗುಲಾಮಗಿರಿ ರದ್ದಾದ ಮೇಲೆ ಕಬ್ಬಿನ ತೋಟಗಳಿಗೆ ಕೂಲಿಗಳು ಬೇಕಾಗಿ, 1845ರಿಂದ 1917ರವರೆಗೆ ಟ್ರಿನಿಡಾಡ್ ಒಂದಕ್ಕೇ 1 ಲಕ್ಷ 40 ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಕರಾರಿನ ಮೇಲೆ ಒಯ್ದರು. ಕಲ್ಕತ್ತೆಯ ಜೊತೆಗೆ ಮದ್ರಾಸ್, ಪಾಂಡಿಚೇರಿ, ಕಾರೈಕಲ್ ಬಂದರುಗಳಿಂದಲೂ ಹಡಗುಗಳು ಕೆರಿಬಿಯನ್ನಿಗೆ ಹೊರಟವು. ಸೇಂಟ್ ಲೂಸಿಯಾದ ಕವಿ ಡೆರೆಕ್ ವಾಲ್ಕಾಟ್ 1992ರಲ್ಲಿ ನೊಬೆಲ್ ಸ್ವೀಕರಿಸಿ ಮಾಡಿದ ಭಾಷಣ ಶುರುವಾಗುವುದೇ ಟ್ರಿನಿಡಾಡ್‌ನ ಫೆಲಿಸಿಟಿ ಎಂಬ ಹಳ್ಳಿಯಲ್ಲಿ ನಡೆಯುವ ರಾಮಲೀಲೆಯಿಂದ. ಸ್ವತಃ ಜಲವರ್ಣದಲ್ಲಿ ಚಿತ್ರ ಬರೆಯುತ್ತಿದ್ದ ವಾಲ್ಕಾಟ್, ತನ್ನ ದ್ವೀಪಗಳನ್ನು ಪ್ರವಾಸಿಯ ಕಣ್ಣು ನೋಡಲಾರದ ಕಡೆಯಿಂದ ತೋರಿಸಬಯಸಿದರು.

ಟ್ರಿನಿಡಾಡ್‌ನ ಹಿರಿಯ ಕಲಾವಿದೆ ವೆಂಡಿ ನಾನನ್ ಕಾಗದದ ಮುದ್ದೆಯಿಂದ ಮಾಡಿದ ಕೃತಿಯೊಂದರಲ್ಲಿ ಕೃಷ್ಣ ಮತ್ತು ಕನ್ಯಾಮರಿ ಮದುವೆಯ ಜೋಡಿಯಾಗಿದ್ದಾರೆ. ಅಲ್ಲಿನ ಸಿಪಾರಿಯಾ ಊರಿನ ಚರ್ಚಿನಲ್ಲಿರುವ ಕಪ್ಪು ಮೇರಿಮಾತೆಯನ್ನು ಹಿಂದೂಗಳು ‘ಸಿಪಾರಿ ಮಾಯಿ’ ಎಂದು ಪೂಜಿಸುವುದನ್ನು ಬಲ್ಲವರಿಗೆ ಅದು ಕಲ್ಪನೆಯೆನಿಸದು. ಗ್ವಾಡೆಲೂಪ್ ದ್ವೀಪದಲ್ಲಿ 1981ರಲ್ಲಿ ಹುಟ್ಟಿದ ಕೆಲಿ ಸಿನಪ್ಪಾ ಮೇರಿ ತನ್ನ ಮನೆತನ ಭಾರತದಿಂದ ಬಂದ ಕರಾರು ಕೂಲಿಗಳದ್ದೆಂಬ ಎಳೆ ಹಿಡಿದು ಚಿತ್ರ, ಶಿಲ್ಪ, ಕಸೂತಿ ಮಾಡುತ್ತಾರೆ. ಸಿನಪ್ಪಾ ಎಂಬ ಹೆಸರನ್ನು ಒಮ್ಮೆ ಗಟ್ಟಿಯಾಗಿ ಓದಿ: ದಕ್ಷಿಣ ಭಾರತದ ನಮ್ಮ ಚಿನ್ನಪ್ಪನೇ ಫ್ರೆಂಚ್ ಕಾಗುಣಿತದಲ್ಲಿ ಕುಳಿತಿದ್ದಾನೆ. ಕೆರಿಬಿಯನ್ ಹೋಟೆಲಿನ ಗೋಡೆಯ ಮೇಲೆ ಈ ಮುಖಗಳೂ ಬಂದ ದಿನ ಆ ಚಿತ್ರ ಪೂರ್ತಿಯಾಗುತ್ತದೆ.

ಅತಿಥಿಯನ್ನೇ ನೋಡುವ ಕಲೆ

ಈ ತಲೆಮಾರಿನ ಕಲಾವಿದರು ಪ್ರವಾಸೋದ್ಯಮದಿಂದ ಮುಖ ತಿರುಗಿಸಿಲ್ಲ. ಅದನ್ನೇ ವಸ್ತುವಾಗಿ ಎತ್ತಿಕೊಂಡಿದ್ದಾರೆ. ನಸಾವ್‌ನ ಬ್ಲೂ ಕರಿ ಸಿಮೆಂಟು ಕಲಸುವ ಯಂತ್ರದೊಳಗೆ ಬಿಸಿಲಿಗೆ ಹಚ್ಚುವ ಕ್ರೀಮು ಸುರಿದು ತಿರುಗಿಸಿಟ್ಟರು. ಕಡಲತೀರದ ಕಂಪು, ಹೋಟೆಲ್ ಕಟ್ಟುವ ಕೂಲಿಯ ಯಂತ್ರ ಎರಡೂ ಒಂದೇ ಕಡೆ. ಅನೀನಾ ಮೇಜರ್ ಎಂಬ ಕಲಾವಿದೆ, ಅಜ್ಜಿಯಿಂದ ಕಲಿತ ತಾಳೆಗರಿ ಹೆಣಿಗೆಯನ್ನು ಜೇಡಿಮಣ್ಣಿನಲ್ಲಿ ಹೆಣೆದು ಸುಡುತ್ತಾರೆ. ಸಂತೆಯಲ್ಲಿ ಚೌಕಾಸಿ ಮಾಡಿ ಕೊಳ್ಳುತ್ತಿದ್ದ ಬುಟ್ಟಿ ಅವರ ಕೈಯಲ್ಲಿ ಚೌಕಾಸಿಗೆ ಸಿಗದ ಶಿಲ್ಪವಾಗುತ್ತದೆ.

ಟವಾರಿಸ್ ಸ್ಟ್ರಾಕನ್ ಇನ್ನೂ ದೂರ ಹೋದರು. 1979ರಲ್ಲಿ ನಸಾವ್‌ನಲ್ಲಿ ಹುಟ್ಟಿದ ಅವರು ಆರ್ಕ್ಟಿಕ್ ಪ್ರದೇಶದಿಂದ ಸುಮಾರು ನಾಲ್ಕೂವರೆ ಟನ್ ತೂಕದ ಮಂಜುಗಡ್ಡೆಯನ್ನು ಕೊರೆದು ತರಿಸಿ, ಸೌರಶಕ್ತಿಯಿಂದ ನಡೆಯುವ ಗಾಜಿನ ಶೀತಲಪೆಟ್ಟಿಗೆಯಲ್ಲಿ 2006ರಲ್ಲಿ ಬಹಾಮಾಸ್‌ನಲ್ಲಿ ಪ್ರದರ್ಶನಕ್ಕಿಟ್ಟರು. ಇಟ್ಟದ್ದು ತಾನು ಓದಿದ ಪ್ರಾಥಮಿಕ ಶಾಲೆಯ ಅಂಗಳದಲ್ಲಿ. ಬಿಸಿಲು ನಾಡಿನ ಮಕ್ಕಳು ತಮ್ಮದೇ ಬಿಸಿಲು ಕಾಯ್ದಿಟ್ಟ ಮಂಜನ್ನು ನೋಡಿದರು. 2013ರಲ್ಲಿ ಬಹಾಮಾಸ್ ಮೊದಲ ಬಾರಿಗೆ ವೆನಿಸ್ ಬಿಯೆನಾಲೆಯಲ್ಲಿ ರಾಷ್ಟ್ರವಾಗಿ ಭಾಗವಹಿಸಿದಾಗ ಆಯ್ಕೆಯಾದವರೂ ಅವರೇ. ಮೊದಲ ನೋಟದ ಹಕ್ಕು ಶಾಲೆಯ ಮಕ್ಕಳದು ಎಂಬ ಅವರ ತೀರ್ಮಾನದಲ್ಲಿ ಹೋಟೆಲ್‌ಗಳಿಗೂ ಪಾಠವಿದೆ.

ಬಾಗಿಲು, ಬೆಲೆ, ಹೆಸರು

ಹೋಟೆಲ್ ಕಲೆಯನ್ನು ಹಳಿಯುವುದು ಸುಲಭ. ಆದರೆ ಚಿಕ್ಕ ದ್ವೀಪಗಳ ಕಲಾವಿದರ ಸಂಕಟ ಬಲ್ಲವರು ಹಾಗೆ ಹಳಿಯಲಾರರು. ಕ್ಯಾನ್ವಾಸು, ಬಣ್ಣ ಎಲ್ಲವೂ ಹಡಗಿನಲ್ಲಿ ಬರಬೇಕು. ಉಪ್ಪುಗಾಳಿ ಲೋಹವನ್ನು ತಿನ್ನುತ್ತದೆ, ತೇವ ಕಾಗದವನ್ನು ತಿನ್ನುತ್ತದೆ, ಚಂಡಮಾರುತದ ತಿಂಗಳುಗಳಲ್ಲಿ ಸ್ಟುಡಿಯೊದ ಚಾವಣಿಯೇ ಹಾರಿಹೋಗಬಹುದು. ಕೊಳ್ಳುವವರು ಕೆಲವರೇ. ಇಂಥಲ್ಲಿ ಒಂದು ಹೋಟೆಲ್ ನ್ಯಾಯವಾದ ಬೆಲೆ ಕೊಟ್ಟು ನೂರು ಕೃತಿ ಕೊಂಡರೆ, ಹಲವರು ಬೇರೆ ನೌಕರಿ ಬಿಟ್ಟು ಕಲೆಯಲ್ಲೇ ಬಾಳಬಹುದು. ಹವಾನಿಯಂತ್ರಿತ ಕೋಣೆ, ಕಾವಲು, ವಿಮೆ ಎಲ್ಲ ಇರುವ ಕಡೆ ಕೃತಿಯ ಆಯುಷ್ಯವೂ ಹೆಚ್ಚುತ್ತದೆ.

ಆದರೂ ಮೂರು ಮಾತುಗಳನ್ನು ಖಂಡಿತವಾಗಿ ಹೇಳಬೇಕು. ಏನನ್ನು ತೂಗುಹಾಕಬೇಕೆಂಬ ಆಯ್ಕೆ ಆ ನೆಲವನ್ನು ಬಲ್ಲವರ ಕೈಯಲ್ಲಿರಬೇಕು. ಕೋಣೆ ಬಾಡಿಗೆ ಕೊಡದ ಊರಿನವರೂ, ಶಾಲೆಯ ಮಕ್ಕಳೂ ಒಳಗೆ ಬಂದು ನೋಡುವಂತಿರಬೇಕು. 1956ರಲ್ಲಿ ತೆರೆದ ಬಾಗಿಲು ಕಾವಲುಗಾರನ ನೋಟದಿಂದ ಮತ್ತೆ ಮುಚ್ಚಬಾರದು. ಮತ್ತೆ, ಹೋಟೆಲ್ ಎಷ್ಟೇ ಒಳ್ಳೆಯದಿದ್ದರೂ ಅದು ಸಾರ್ವಜನಿಕ ಕಲಾಸಂಗ್ರಹಾಲಯಕ್ಕೆ ಬದಲಿಯಾಗದು. ಮಾಲೀಕರು ಕೈಬದಲಾಗುತ್ತಾರೆ, ಸಾಲ ಮುಳುಗುತ್ತದೆ, ಬೆಂಕಿ ಬೀಳುತ್ತದೆ. ಓಲೋಫ್ಸನ್‌ನ ಬೂದಿ ಈ ಮಾತಿಗೆ ಸಾಕ್ಷಿ. ದೇಶವೊಂದು ತನ್ನ ನೆನಪನ್ನು ಒಂದೇ ಮರದ ಜಗುಲಿಯಲ್ಲಿ ಇಡಬಾರದು.

ಓದುಗರಾದ ನಮ್ಮ ಪಾಲಿಗೂ ಒಂದು ಸಣ್ಣ ಕೆಲಸವಿದೆ. ಮುಂದೆ ಎಂದಾದರೂ ಯಾವುದೇ ಊರಿನ ಹೋಟೆಲಿನಲ್ಲಿ ಕೋಣೆಯ ಬೀಗದ ಕೈಗಾಗಿ ಕಾಯುತ್ತ ನಿಂತಾಗ, ಎದುರಿನ ಗೋಡೆಯ ಚಿತ್ರವನ್ನು ಒಂದು ನಿಮಿಷ ನೋಡಿ. ಮೂಲೆಯಲ್ಲಿ ಬರೆದವರ ಹೆಸರಿದೆಯೇ ಹುಡುಕಿ. ಇಲ್ಲದಿದ್ದರೆ ಸ್ವಾಗತಕಟ್ಟೆಯಲ್ಲಿ ನಿಂತವರನ್ನು ಕೇಳಿ: ಇದನ್ನು ಬರೆದವರು ಯಾರು, ಅವರು ಈ ಊರಿನವರೇ?